ಕಸಿ ಗಂಟಿನ ಮೇಲಿನ ಎಲೆ

ತ್ಯಾಗರಾಜನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಆಂಟಿ ಹಣ್ಣಿಗೂ ಹಿಟ್ಟಿಗೂ ಒಂದೇ ಮಾತು ಹೇಳುತ್ತಿದ್ದರು: "ಮೊದ್ಲು ಮುಟ್ಟಿ ನೋಡಮ್ಮ."

ಮಾವಿನ ತಳಿಗಳ ಡಿಎನ್‌ಎ ಹೋಲಿಸುವ ನನ್ನ ಸಂಶೋಧನೆಗೆ ಅವರ ಹಿತ್ತಲ ಮರದ ಎಲೆ ಒಯ್ದಿದ್ದೆ. ಅದು ಅವರ ತವರಿನ ಮರದಿಂದ ಕಸಿ ಕಟ್ಟಿದ್ದಂತೆ. ತವರಿನ ಮರದ ಎಲೆಯನ್ನೂ ತರಿಸಿಕೊಟ್ಟಿದ್ದರು. ಲ್ಯಾಬಿನಲ್ಲಿ ಎರಡೂ ಹೊಂದಲಿಲ್ಲ. "ಇದು ನಿಮ್ಮ ತವರಿನ ತಳಿ ಅಲ್ಲ ಆಂಟಿ" ಎಂದು ಜಾಣೆಯಂತೆ ಹೇಳಿಬಿಟ್ಟೆ.

ಅವರು ನನ್ನ ಕೈ ಹಿಡಿದು ಬುಡದ ಕಸಿ ಗಂಟಿನ ಮೇಲಿಟ್ಟರು. "ನೀನು ಇದ್ರ ಕೆಳಗಿನ ಚಿಗುರು ಕಿತ್ಕೊಂಡು ಹೋಗಿದೀಯ. ಅದು ಬರೀ ಕಸಿಗೆ ಬೇರು ಕೊಟ್ಟ ನಾಟಿ ಗಿಡ. ನಮ್ಮಮ್ಮನ ಮರ ಮೇಲಿದೆ." ನಾನು ಹತ್ತಲು ಸ್ಟೂಲು ಹಿಡಿದು ನಿಂತರು.

ಇಂದಿಗೂ ಗಂಟು ಮುಟ್ಟದೆ ನಾನು ಎಲೆ ಕೀಳುವುದಿಲ್ಲ.

ಅಂದು ಮೇಲಿನ ಎಲೆಯನ್ನು ಮತ್ತೆ ಪರೀಕ್ಷಿಸಿ, ಅದರ ಮತ್ತು ತವರಿನ ಮರದ ಡಿಎನ್‌ಎ ಗೆರೆಗಳ ಎರಡು ಸಾಲೂ ಒಂದೇ ರೀತಿ ಮೂಡಿದ ಲ್ಯಾಬಿನ ಫೋಟೋ ಕೊಟ್ಟಾಗ ಆಂಟಿ ಅಮ್ಮನ ಮರದ ಸಾಲನ್ನು ಬೆರಳಿಂದ ಮುಟ್ಟಿ ನೋಡಿದರು.