ಅಂಟು ಒಣಗುವ ಹೊತ್ತು

ಅಂಟು ಹಚ್ಚಿದ ಕೂಡಲೇ ಅಂಟಿಸಲು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಕ್ಕದ ಮನೆಯಾಕೆ ಕಿತ್ತುಹೋದ ಚಪ್ಪಲಿ ಹಿಡಿದು ಬರುತ್ತಾಳೆ, ನನ್ನ ಡಬ್ಬಿಯಿಂದ ಒಂದಿಷ್ಟು ಬಳಿದುಕೊಂಡು ಹಸಿಯಲ್ಲೇ ಒತ್ತುತ್ತಾಳೆ, ಮಾರನೆಯ ದಿನ "ನಿಮ್ಮ ಗಮ್ಮು ಸರಿಯಿಲ್ಲ ಕಣಕ್ಕ" ಅನ್ನುತ್ತಾಳೆ. ಏನು ಹೇಳಲಿ ಇವಳಿಗೆ? ಎರಡೂ ಕಡೆ ಹಚ್ಚಬೇಕು. ಹಚ್ಚಿ ತೆಪ್ಪಗೆ ಕೂರಬೇಕು. ಬೆರಳಿನ ಹಿಂಭಾಗ ತಾಗಿಸಿದರೆ ಚರ್ಮವನ್ನು ತುಸು ಹಿಡಿದೆಳೆಯಬೇಕು, ಆದರೆ ಕೈಗೆ ಏನೂ ಮೆತ್ತಬಾರದು. ಆಗ ಅಂಟಿಸಬೇಕು. ಒಂದು ಸಲ ತಾಗಿತೋ ಮುಗಿಯಿತು, ಕಿತ್ತು ಸರಿಮಾಡುತ್ತೇನೆ ಅಂದರೆ ಆಗುವುದಿಲ್ಲ.

ಇದನ್ನು ನನಗೆ ಕಲಿಸಿದವರು ನನ್ನ ಗಂಡ. ಜಲ್ಲಿ ಕ್ರಷರುಗಳ ಬೆಲ್ಟ್ ಜೋಡಿಸುವುದು ಅವರ ಕಸುಬು. ಕ್ರಷರಿನಲ್ಲಿ ಕಲ್ಲು ಹೊತ್ತು ಮೇಲಕ್ಕೆ ಹೋಗುವ ಅಗಲವಾದ ರಬ್ಬರ್ ಪಟ್ಟಿ ಇರುತ್ತದಲ್ಲ, ಅದು ಹರಿದರೆ ಇಡೀ ಕ್ರಷರು ನಿಂತುಹೋಗುತ್ತದೆ. ಹರಿದ ಎರಡು ತುದಿಗಳನ್ನು ಚಾಕುವಿನಿಂದ ಪದರ ಪದರವಾಗಿ, ಮೆಟ್ಟಿಲಿನ ಹಾಗೆ ಸೀಳಬೇಕು. ತಂತಿ ಬ್ರಷ್ಷಿನಿಂದ ಉಜ್ಜಿ, ಧೂಳು ಒರೆಸಿ, ಅಂಟು ಹಚ್ಚಿ, ಒಂದರ ಮೇಲೊಂದು ಕೂರಿಸಬೇಕು. ಮೊಳೆಯಿಲ್ಲ, ಹೊಲಿಗೆಯಿಲ್ಲ. ಲೋಡುಗಟ್ಟಲೆ ಕಲ್ಲು ಆ ಅಂಟಿನ ಭರವಸೆಯ ಮೇಲೆಯೇ ಹೋಗಬೇಕು. ಈ ಅಂಟಿನಲ್ಲಿರುವುದು ಮರದ ಹಾಲಿನ ರಬ್ಬರಲ್ಲ, ಕಾರ್ಖಾನೆಯಲ್ಲೇ ತಯಾರಾದ ರಬ್ಬರು. ಅದನ್ನು ಕರಗಿಸಿ ಡಬ್ಬಿಗೆ ತುಂಬಿರುತ್ತಾರೆ. ಶೂಗಳ ಅಟ್ಟೆಗೆ, ಕಾರಿನ ಸೀಟಿಗೆ, ಸೋಫಾದ ಸ್ಪಂಜಿಗೆ ಹಚ್ಚುವುದೂ ಇದರ ಅಣ್ಣತಮ್ಮಂದಿರನ್ನೇ. ನಮ್ಮದು ಗಟ್ಟಿಯಾಗಲು ಹಾರ್ಡನರ್ ಬೆರೆಸಿಕೊಳ್ಳುವ ಜಾತಿ, ಸ್ವಲ್ಪ ಮುಂಗೋಪಿ.

ಮದುವೆಯಾದ ಹೊಸತರಲ್ಲೇ ಅವರು ನನ್ನನ್ನು ಕೆಲಸಕ್ಕೆ ಕರೆದರು. "ಒಬ್ರಿಂದ ಆಗೋ ಕೆಲ್ಸ ಅಲ್ಲ ಕಣೇ ಇದು. ಆ ಕಡೆ ಹಿಡ್ಕಳಕ್ಕೆ ಇನ್ನೊಬ್ರು ಬೇಕೇಬೇಕು. ನೀನು ಬಾ."

ನಮ್ಮ ಅತ್ತೆ ಮುಖ ಊದಿಸಿಕೊಂಡರು. "ಹೆಂಗಸ್ನ ಕ್ರಷರಿಗೆ ಕರ್ಕೊಂಡು ಹೋಯ್ತೀಯಲ್ಲೋ, ನಾಕು ಜನ ಏನಂದಾರು?"

"ಒಬ್ಬನ ಕೈಲಿ ಆಗಲ್ಲ ಕಣಮ್ಮ" ಎಂದು ಅವರು ಮೊಪೆಡ್ ಹತ್ತಿದರು. ನಾನು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತೆ.

ನನ್ನ ಗಂಡ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮುದ್ದೆ ಇಟ್ಟರೆ ತಿಂದರು, ಹಾಸಿಗೆ ಹಾಕಿದರೆ ಮಲಗಿದರು. ನಮಗೆ ಮಕ್ಕಳೂ ಆಗಲಿಲ್ಲ, ಮನೆಯೆಂದರೆ ಗೋಡೆ ಗಡಿಯಾರದ ಸದ್ದು ಅಷ್ಟೇ. ಆದರೆ ಅಂಟು ಹಚ್ಚಿ ಬೆಲ್ಟಿನ ಆಚೆ ಅವರು, ಈಚೆ ನಾನು ಕೂತೆವೆಂದರೆ, ಅಬ್ಬಬ್ಬಾ, ಎಲ್ಲಿರುತ್ತಿತ್ತೋ ಆ ಮಾತು! ಪಾವಗಡದ ಕಡೆಯವರು, ಮಾತಿನ ಮಧ್ಯೆ ತೆಲುಗು ನುಗ್ಗುತ್ತಿತ್ತು. ನಾನು ಅವಸರಪಟ್ಟು ಬೆರಳು ಚಾಚಿದರೆ "ಉಂಡವೇ, ತಡಿ, ಇನ್ನೂ ಆಗಿಲ್ಲ" ಎಂದು ತಡೆದು ಕಥೆ ಮುಂದುವರಿಸುವರು. ಅಂಟು ಹದಕ್ಕೆ ಬಂದ ಕ್ಷಣ ಕಥೆ ಎಲ್ಲಿರುತ್ತದೋ ಅಲ್ಲೇ ಬಿಟ್ಟು ಎದ್ದುಬಿಡುವರು. ಉಳಿದದ್ದನ್ನು ಮನೆಯಲ್ಲಿ ಕೇಳಿದರೆ ನಕ್ಕು ಸುಮ್ಮನಾಗುವರು. ಪಾವಗಡದ ಬಿಸಿಲಲ್ಲಿ ಅಂಟು ಬೇಗ ಒಣಗುತ್ತದೆ, ಅಲ್ಲಿ ಕಥೆ ಗಿಡ್ಡ. ಕೊರಟಗೆರೆ ಕಡೆ ಮೋಡ ಕವಿದ ದಿನ ಕಥೆ ಉದ್ದ. ಮೋಡ ನೋಡಿ ಒಳಗೊಳಗೇ ಖುಷಿಪಡುತ್ತಿದ್ದೆ. ಅವರು ಚಿಕ್ಕವರಿದ್ದಾಗ ಕಡಲೆಕಾಯಿ ಹೊಲಕ್ಕೆ ಕರಡಿ ಬಂದದ್ದರ ಕಥೆ ಶುರುಮಾಡಿದ್ದರು. ಆ ಕರಡಿ ಇವತ್ತಿಗೂ ಬಾವಿಕಟ್ಟೆಯ ಮೇಲೇ ಕೂತಿದೆ, ಇಳಿದು ಹೋಗಿಲ್ಲ.

ಕೊನೆಯ ಸಲ ನಾವಿಬ್ಬರೂ ಹೋಗಿದ್ದು ಪಾವಗಡದ ಹತ್ತಿರದ ಒಂದು ಕ್ರಷರಿಗೆ. ಅಂಟಿನ ಎರಡನೇ ಕೋಟು ಹಚ್ಚಿ ಕೂತಾಗ ಅವರು ತಮ್ಮಷ್ಟಕ್ಕೇ ನಕ್ಕರು.

"ನಿನ್ನ ನೋಡಾಕೆ ಬಂದ ದಿನ ಉಪ್ಪಿಟ್ಟು ತಿಂದು ವಾಪಸ್ ಹೋಗ್ಬುಡಾನ ಅಂತ ಎದ್ದಿದ್ದೆ ಕಣೇ. ಈ ಹುಡ್ಗಿ ಬ್ಯಾಡ ಅನ್ಸಿತ್ತು."

"ಓಹೋ! ಮತ್ತೆ ಹೋಗ್ಬೇಕಿತ್ತಪ್ಪ, ಯಾರು ಹಿಡ್ಕೊಂಡಿದ್ರು?" ಎಂದೆ. ನನಗೆ ನಿಜವಾಗಿ ಚುಚ್ಚಿತ್ತು.

"ಕೇಳು ಇಲ್ಲಿ. ಅಂಗೇ ಹೊರಟೋನು ಯಾಕೆ ನಿಂತ್ಕಂಡೆ ಅಂದ್ರೆ..." ಎನ್ನುತ್ತಾ ಬೆರಳಿನ ಗೆಣ್ಣನ್ನು ಅಂಟಿಗೆ ತಾಗಿಸಿದರು. "ಬಂದ್ಬುಡ್ತು. ಏಳು ಏಳು."

"ಹೇಳಿ ಮುಗಿಸ್ರೀ!"

"ಮುಂದಿನ್ ಸಲ."

ಮುಂದಿನ ಬೆಲ್ಟ್ ಹರಿಯುವ ಮೊದಲೇ, ಒಂದು ಬೆಳಗ್ಗೆ, ಅವರು ಹಾಸಿಗೆಯಿಂದ ಏಳಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ಅಷ್ಟೇ. ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಇದೇನು ಹೋಗುವ ರೀತಿಯಾ?

ತಿಥಿ ಮುಗಿದ ಮೇಲೆ ಎಲ್ಲರೂ ಬುದ್ಧಿ ಹೇಳಿದರು. ಗಾರ್ಮೆಂಟ್ಸಿಗೆ ಸೇರು, ನೆರಳಲ್ಲಿ ಕೂತು ಮಾಡುವ ಕೆಲಸ ಎಂದರು. ನನಗೆ ಬೇಡವಾಗಿತ್ತು. ಈ ಕಸುಬೂ ಕೈಬಿಟ್ಟರೆ ನನ್ನ ಗಂಡ ಮಾತಾಡುತ್ತಿದ್ದ ಜಾಗ ಭೂಮಿಯ ಮೇಲೆ ಎಲ್ಲೂ ಉಳಿಯುವುದಿಲ್ಲ ಎಂದು ಯಾರಿಗೆ ಬಿಡಿಸಿ ಹೇಳಲಿ? ನಮ್ಮೂರು ಮಧುಗಿರಿಯ ಬೆಟ್ಟ ಹಗಲೆಲ್ಲ ಕಾದು ಸಂಜೆ ಬಿಸಿಯುಗುಳುವಾಗ ಹಿತ್ತಲ ಬಾಗಿಲಲ್ಲಿ ಒಬ್ಬಳೇ ಕೂತು, ಅವರ ಅಂಗಿಯ ಅಂಟಿನ ವಾಸನೆ ಮೂಸುತ್ತಿದ್ದೆ. ಅದೂ ದಿನದಿಂದ ದಿನಕ್ಕೆ ಸವೆಯುತ್ತಿತ್ತು.

ಕೊರಟಗೆರೆಯ ಕ್ರಷರಿನಿಂದ ಕರೆ ಬಂದಾಗ ಮೈದುನನನ್ನು ಜೊತೆಗೆ ಕರೆದುಕೊಂಡು ಹೋದೆ, ಒಬ್ಬರಿಂದ ಆಗದ ಕೆಲಸವಲ್ಲವೇ! ಆ ಪುಣ್ಯಾತ್ಮ ಅಂಟು ಒಣಗುವಷ್ಟು ಹೊತ್ತೂ ಮೊಬೈಲ್ ನೋಡುತ್ತಾ ಕೂತ. ಮೋಡವಿತ್ತು, ತಡವಾಗುತ್ತಿತ್ತು. "ಸಾಕು ಬುಡತ್ತಿಗೆ, ಎಷ್ಟೊತ್ತು ಕಾಯಾದು" ಎಂದವನೇ ತನ್ನ ಕಡೆಯ ತುದಿಯನ್ನು ಕೆಳಗೆ ಬಿಟ್ಟೇಬಿಟ್ಟ. ಒಳಗೆ ಇನ್ನೂ ಹಸಿ. ಮಾರನೆಯ ದಿನ ಕಲ್ಲಿನ ಭಾರ ಬೀಳುತ್ತಲೇ ಜಾಯಿಂಟು ಬಾಯಿ ಬಿಟ್ಟಿತು. ಆ ಕ್ರಷರಿನವರು ಮತ್ತೆ ನನ್ನನ್ನು ಕರೆಯಲಿಲ್ಲ. ಸುದ್ದಿ ಪಾವಗಡದವರೆಗೂ ಹೋಯಿತು, ಅಲ್ಲಿಂದಲೂ ಕರೆ ನಿಂತಿತು.

ಉಳಿದದ್ದು ಶಿರಾದ ಕಡೆಯ ಒಂದೇ ಕ್ರಷರು. ಅಲ್ಲಿನ ಫಿಟ್ಟರ್ ವಯಸ್ಸಾದ ಸಾಹೇಬರು, ನಾನು ಚಾಚಾ ಅನ್ನುತ್ತೇನೆ. ಫೋನಿನಲ್ಲಿ ಅವರು ಮುಚ್ಚುಮರೆ ಮಾಡಲಿಲ್ಲ. "ಬಾರಮ್ಮ, ಮಾಡು. ಆದ್ರೆ ಇದೂ ಕಿತ್ಕೊಂಡ್ರೆ ಮಾಲೀಕರು ಬೆಲ್ಟ್ ಜೋಡ್ಸೋ ತುಮಕೂರಿನವರಿಗೆ ಹೇಳ್ಬುಡ್ತಾರೆ. ಆಮೇಲೆ ನನ್ ಕೈಲಿ ಏನೂ ಇಲ್ಲ."

ಮೈದುನನನ್ನು ಕರೆಯಲು ಮನಸ್ಸಾಗಲಿಲ್ಲ. ಬೆಲ್ಟಿನ ಆ ಕಡೆ ಬೇರೆ ಯಾರನ್ನಾದರೂ ಕೂರಿಸಿಕೊಳ್ಳುವುದೂ ಬೇಡವೆನಿಸಿತು. ಹೋಳಿಗೆ ತಟ್ಟುವಾಗ ಹಾಳೆಯ ಮೇಲೆ ತಟ್ಟಿ, ಕಾವಲಿಗೆ ಹಾಕಿ ಹಾಳೆ ಎಳೆದುಕೊಳ್ಳುತ್ತೇವಲ್ಲ, ಹಾಗೆ ಮಾಡಿದರೆ ಹೇಗೆ ಎಂದು ಯೋಚಿಸಿದೆ. ನಡುವೆ ಪ್ಲಾಸ್ಟಿಕ್ ಹಾಸಿಬಿಟ್ಟರೆ ಎರಡು ಮುಖ ಒಂದಕ್ಕೊಂದು ತಾಗುವುದಿಲ್ಲ. ಮೇಲಿನ ತುದಿಯನ್ನು ಬೇಕಾದಂತೆ ಸರಿಸಿ, ಗೆರೆಗೆ ಗೆರೆ ಕೂರಿಸಿ, ಆಮೇಲೆ ಹಾಳೆಯನ್ನು ಮೆಲ್ಲಗೆ ಎಳೆಯುತ್ತಾ ಬಂದರಾಯಿತು. ಮನೆಯಲ್ಲಿ ತುಂಡು ರಬ್ಬರಿನ ಮೇಲೆ ಮಾಡಿ ನೋಡಿದೆ. ಬಂತು.

ಶಿರಾದಲ್ಲಿ ಪದರ ಸೀಳಿದೆ, ಉಜ್ಜಿದೆ, ಸುಣ್ಣದ ದಾರ ಮಿಡಿದು ನಡುಗೆರೆ ಹಾಕಿದೆ, ಎರಡು ಕೋಟು ಹಚ್ಚಿದೆ. ಆಮೇಲೆ ಕೂತೆ. ನಿಂತ ಕ್ರಷರಿನಷ್ಟು ಮೌನ ಎಲ್ಲೂ ಇರುವುದಿಲ್ಲ. ಬೆಲ್ಟಿನ ಆಚೆ ಬರೀ ಜಲ್ಲಿಯ ರಾಶಿ. ಅಲ್ಲಿಯವರೆಗೆ ತಡೆದುಕೊಂಡಿದ್ದೆ, ಇನ್ನು ಆಗಲಿಲ್ಲ.

"ಯಾಕೆ ನಿಂತ್ಕೊಂಡ್ರಿ ಅವತ್ತು? ಬ್ಯಾಡ ಅನ್ಸಿದ್ಮೇಲೆ ಹೋಗ್ಬೇಕಿತ್ತು" ಎಂದು ಜೋರಾಗಿಯೇ ಕೇಳಿದೆ. "ನಾನು ಅಂಗೇನು ಮಾಡ್ದೆ? ಅದನ್ನಾದ್ರೂ ಹೇಳಿ ಹೋಗ್ಬಾರ್ದಿತ್ತಾ?" ಕಣ್ಣೀರು ಅಂಟಿನ ಮೇಲೆ ಬಿದ್ದರೆ ಕೆಲಸ ಕೆಟ್ಟೀತೆಂದು ಮುಖ ತಿರುಗಿಸಿಕೊಂಡು ಅತ್ತೆ. ಅಳುವಿನ ಮಧ್ಯದಲ್ಲೇ ಗೆಣ್ಣು ತಾಗಿಸಿ ನೋಡಿದೆ. ಹದ ಬಂದಿತ್ತು. ಎದ್ದೆ.

ಹಾಳೆ ಹಾಸಿದೆ, ಗೆರೆ ಕೂಡಿಸಿದೆ, ಉಸಿರು ಬಿಗಿಹಿಡಿದು ಇಷ್ಟಿಷ್ಟೇ ಎಳೆದೆ, ನಡುವಿನಿಂದ ಅಂಚಿಗೆ ರಬ್ಬರ್ ಸುತ್ತಿಗೆಯಲ್ಲಿ ಬಡಿದೆ. ಆ ರಾತ್ರಿ ಚಾಚಾ ಮನೆಯಲ್ಲಿ ಉಳಿದೆ. ಬೆಳಗ್ಗೆ ಬೆಲ್ಟ್ ಓಡಿಸಿದರು, ಮೊದಲು ಖಾಲಿ, ಆಮೇಲೆ ಕಲ್ಲು ತುಂಬಿ. ನನ್ನ ಜಾಯಿಂಟು ಸುತ್ತಿ ಸುತ್ತಿ ಬರುತ್ತಿತ್ತು. ಒಂದು ಕೂದಲೆಳೆಯಷ್ಟೂ ಬಿಡಲಿಲ್ಲ, ಓರೆಯೂ ಆಗಲಿಲ್ಲ.

ಚಾಚಾ ಟೀ ಕುಡಿಯುತ್ತಾ ನೋಡಿದರು. "ಬರೋಬರಿ ಐತಮ್ಮ. ಇನ್ಮ್ಯಾಲೆ ನಿಂಗೇ ಫೋನ್ ಮಾಡ್ತೀನಿ, ತುಮಕೂರಿನೋರು ಬ್ಯಾಡ." ಆಮೇಲೆ ನೆಲದ ಮೇಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಾಲಿನಿಂದ ಸರಿಸಿ ನಕ್ಕರು. "ಅವರೂ ಇಂಗೇ ಮಾಡ್ತಿದ್ರಲ್ಲ! ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ತರೋರು. ಇಂಗೇ ಹಾಸಿ, ಇಂಗೇ ಎಳೆಯೋರು."

"ಯಾರು ಚಾಚಾ?"

"ನಿಮ್ ಯಜಮಾನ್ರು ಕಣಮ್ಮ. ಮದುವೆಗೆ ಮುಂಚೆ ವರ್ಷಗಟ್ಲೆ ಒಬ್ರೇ ಬಂದು ಮಾಡ್ಕೊಂಡು ಹೋಗೋರು. ಯಾರ್ನೂ ಕೈಹಾಕಕ್ಕೆ ಬುಡ್ತಿರಲಿಲ್ಲ. ನಿಂಗೆ ಹೇಳಿಲ್ವಾ?"

ಹೇಳಿರಲಿಲ್ಲ. ಸಾಮಾನು ಕಟ್ಟಿಕೊಂಡು ಮಧುಗಿರಿಯ ದಾರಿ ಹಿಡಿದೆ. ಸ್ವಲ್ಪ ದೂರ ಬಂದವಳು ಹುಣಸೆ ಮರದ ಕೆಳಗೆ ಮೊಪೆಡ್ ನಿಲ್ಲಿಸಿದೆ. ಒಬ್ಬರಿಂದ ಆಗಲ್ಲ ಕಣೇ, ನೀನು ಬಾ ಅಂದಿದ್ದರು. ಅವರಮ್ಮನ ಮುಂದೆಯೂ ಅದೇ ಸುಳ್ಳು, ನನ್ನನ್ನು ಬೆಲ್ಟಿನ ಈಚೆ ಕೂರಿಸಿಕೊಳ್ಳುವುದಕ್ಕೆ. "ಎಂಥಾ ಸುಳ್ಳುಗಾರ ರೀ ನೀವು" ಎಂದು ಬೈದೆ, ನಕ್ಕೆ, ಮತ್ತೆ ಅತ್ತೆ. ಅವತ್ತು ವಾಪಸ್ ಹೋಗದೆ ಯಾಕೆ ನಿಂತಿರಿ ಅಂತ ಇನ್ನು ನಾನು ಕೇಳುವುದಿಲ್ಲ.