ಕೆಂಚನಿಗೆ ಹೊಲಿದ ಕೊರಳಪಟ್ಟಿ

ಮೊನ್ನೆ ರಾಯದುರ್ಗದ ಬಸ್ ನಿಲ್ದಾಣದ ಮುಂದೆ ಒಂದು ಕಾರು ನಿಂತಿತ್ತು. ಕಿಟಕಿಯಲ್ಲಿ ಬಿಳಿ ನಾಯಿ, ಅದರ ಕುತ್ತಿಗೆಗೆ ಎಣ್ಣೆ ಸುರಿಯುವ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ. "ನೋಡ್ರಿ, ನಾಯಿ ಮೈಕ್ ಹಾಕ್ಕಂಡು ಬಂದೈತಿ" ಎಂದು ಹೂ ಮಾರುವವಳು ನಕ್ಕಳು. ಸುತ್ತಲಿದ್ದವರೂ ನಕ್ಕರು. ನಾನು ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಮನೆಗೆ ಬಂದೆ. ಯಾಕೆಂದು ನಿಮಗೆ ಹೇಳುತ್ತೇನೆ, ಮನೆಯಲ್ಲಿ ಹೇಳಿದರೆ "ಒಂದು ನಾಯಿ ಸಲುವಾಗಿ ಎಷ್ಟು ವರ್ಷ ಅಳ್ತೀರಿ?" ಎನ್ನುತ್ತಾರೆ.

ನಾನು ದರ್ಜಿ. ನಮ್ಮೂರಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ರಾಯದುರ್ಗದಲ್ಲಿ ಕಲ್ಲೆಸೆದರೆ ಅದು ಜೀನ್ಸ್ ಹೊಲಿಯುವವನ ಮನೆಯ ಮೇಲೇ ಬೀಳುತ್ತದೆ. ನಾನು ಹೇಳಹೊರಟ ವರ್ಷಗಳಲ್ಲಂತೂ ಬೀದಿಬೀದಿಗೂ ಮಷೀನು, ಗಾಳಿಯಲ್ಲೆಲ್ಲ ನೀಲಿ ಧೂಳು. ಸೀನಿದರೆ ಕರವಸ್ತ್ರ ನೀಲಿಯಾಗುತ್ತಿತ್ತು. ಆಗ ನನಗೊಂದು ಚಟವಿತ್ತು. ಉಳಿದ ಚೂರು ಬಟ್ಟೆಯಲ್ಲಿ ಕಂಡಕಂಡದ್ದಕ್ಕೆಲ್ಲ ಜೀನ್ಸ್ ತೊಡಿಸುವುದು: ನೀರಿನ ಬಾಟಲಿಗೆ, ರೇಡಿಯೊಗೆ, ಒಮ್ಮೆ ಮಾವನವರ ಊರುಗೋಲಿಗೂ ಕಿಸೆ ಹಚ್ಚಿದ್ದೆ. "ಕೈ ಅಂದ್ರ ಮಾಸ್ಟ್ರ ಕೈ" ಎಂದು ಯಾರಾದರೂ ಅಂದರೆ ಆ ದಿನ ನನಗೆ ಊಟವೂ ಬೇಡ.

ಲಕ್ಕಮ್ಮ ನಮ್ಮಲ್ಲಿಗೆ ಬಂದದ್ದು ಮಡಕಶಿರಾ ಕಡೆಯಿಂದ, ಅಗಳಿ ಹತ್ತಿರದ ಒಂದು ಹಳ್ಳಿಯಿಂದ. ಗಂಡ ತೀರಿಕೊಂಡ ಮೇಲೆ ಕುರಿ ಮಾರಿ, ಹೊಲಿದ ಪ್ಯಾಂಟುಗಳಲ್ಲಿ ಜೋತಾಡುವ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಕುರಿಯೆಲ್ಲ ಮಾರಿದವಳು ಕುರಿ ಕಾಯುವ ನಾಯಿಯನ್ನು ಮಾತ್ರ ಕೊಟ್ಟಿರಲಿಲ್ಲ. ಅವನೇ ಕೆಂಚ. ದಿನವಿಡೀ ಅವಳ ಬೆನ್ನಿಗೆ ಬೆನ್ನು ತಾಗಿಸಿ ಮಲಗಿರುತ್ತಿದ್ದ. ನಾವು ಹೊಲಿಗೆಯವರು ಗಂಟಲು ಹರಿದುಕೊಂಡು ಕರೆದರೂ ಕಿವಿ ಅಲ್ಲಾಡಿಸದವನು, ಬೀದಿಯ ಆ ತುದಿಯಿಂದ ಅವಳು ಸುಮ್ಮನೆ ಕೈ ಎತ್ತಿದರೆ ಸಾಕು, ಓಡಿ ಬರುತ್ತಿದ್ದ. ಬಯಲಲ್ಲಿ ಅವರಿಬ್ಬರ ಮಾತುಕತೆ ನಡೆಯುತ್ತಿದ್ದುದೇ ಹಾಗಂತೆ.

ಒಂದು ದಿನ ಅವಳು ಕೈ ಎತ್ತಿದಳು, ಕೆಂಚ ಬರಲಿಲ್ಲ. ಅವಳತ್ತಲೇ ಮುಖ ಮಾಡಿ ನಿಂತಿದ್ದ. ಅವಳು ಮತ್ತೆ ಎತ್ತಿದಳು. ಆಮೇಲೆ ಹತ್ತಿರ ಹೋಗಿ ನೋಡಿದರೆ ಎರಡೂ ಕಣ್ಣಿನಲ್ಲಿ ಮಜ್ಜಿಗೆ ಬಿದ್ದಂತೆ ಬೆಳ್ಳಗೆ.

ಊರಿನ ಪಶುವೈದ್ಯರು ಟಾರ್ಚು ಬಿಟ್ಟು ನೋಡಿ "ಶುಕ್ಲಾಲು" ಎಂದರು. ನಾವು ಪೊರೆ ಎನ್ನುವುದಕ್ಕೆ ತೆಲುಗಿನವರು ಹಾಗೆನ್ನುತ್ತಾರೆ. ಬೆಂಗಳೂರಿನಲ್ಲಿ ನಾಯಿಗೂ ಆಪರೇಷನ್ ಮಾಡುತ್ತಾರೆಂದೂ ಹೇಳಿದರು. ಬೀದಿಯವರಿಗೆ ಅದೇ ಹಬ್ಬ. "ನಮ್ಮವ್ವನ ಕಣ್ಣಿಗೇ ಕ್ಯಾಂಪ್ ಬರ್ಲಿ ಅಂತ ಕಾಯಾಕತ್ತೀವಿ, ಇಕಿ ನಾಯಿಗೆ ಮಾಡಿಸ್ತಾಳಂತ!" ಎಂದರು. ಲಕ್ಕಮ್ಮ ನನಗೆ ಮಾತ್ರ, "ನಂಗೆ ಬ್ಯಾರೆ ಯಾರವ್ರೆ ಕಣಣ್ಣ? ಅದು ನನ್ ಮಖ ನೋಡಂಗಾದ್ರೆ ಸಾಕು" ಅಂದಳು.

ಕುರಿ ಮಾರಿ ಉಳಿದಿದ್ದ ದುಡ್ಡು ಕಟ್ಟಿಕೊಂಡು ಅವಳು ಬೆಂಗಳೂರಿಗೆ ಹೊರಟಳು. ಜೀನ್ಸ್ ಮೂಟೆ ಒಯ್ಯುವ ಗಾಡಿಯಲ್ಲಿ ನಾನೂ ಜೊತೆಗೆ ಹೋದೆ. ಕೆಂಚ ಪ್ಯಾಂಟುಗಳ ರಾಶಿಯ ಮೇಲೆ ಜಮೀನ್ದಾರನ ಹಾಗೆ ಮಲಗಿ ಬಂದ. ಅಲ್ಲಿನ ಡಾಕ್ಟರಮ್ಮ ಏನೇನೋ ಯಂತ್ರ ಹಚ್ಚಿ ನೋಡಿ, ಬಲಗಣ್ಣಿನ ಹಿಂದಿನ ಪರದೆ ಸತ್ತಿದೆ, ಎಡಗಣ್ಣು ಉಳಿಸಬಹುದು ಎಂದರು. ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆದು, ಒಳಗೆ ಪುಟ್ಟ ಮಸೂರ ಕೂರಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಗೆ ಹಾಕಿದರಂತೆ. ದಾರದ ಮಾತು ಬಂದದ್ದೇ ತಡ, ಈಕೆ ನಮ್ಮ ಕಸುಬಿನವರೇ ಅನ್ನಿಸಿ ನನಗೆ ಖುಷಿಯಾಗಿಬಿಟ್ಟಿತು. ಅವರು ಕೆಂಚನ ಕೊರಳಿಗೆ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಬಿಡಿಸಿ ಹೇಳಿದರು: "ಮೂರು ವಾರ ಇದನ್ನ ತೆಗೀಬೇಡಿ. ಕಣ್ಣು ಉಜ್ಜಿಕೊಂಡ್ರೆ ಹೊಲಿಗೆ ಬಿಚ್ಚಿಹೋಗುತ್ತೆ." ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಊರಿಗೆ ಬಂದ ಮರುದಿನ ಲಕ್ಕಮ್ಮ ಬೀದಿಯ ತುದಿಯಲ್ಲಿ ನಿಂತು, ಹೆದರುತ್ತಲೇ, ಕೈ ಎತ್ತಿದಳು. ಕೆಂಚ ಒಂದು ಗಳಿಗೆ ನೋಡಿದ. ಹೌದು, ನೋಡಿದ. ಆಮೇಲೆ ಲಾಳಿಕೆ ಗೋಡೆಗೆ ಬಡಿಯುತ್ತಿದ್ದರೂ ಲೆಕ್ಕಿಸದೆ ಓಡಿದ. ಅವಳು ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟಳು. ನಕ್ಕಿದ್ದವರೆಲ್ಲ ಮಷೀನು ನಿಲ್ಲಿಸಿ ಬಾಗಿಲಿಗೆ ಬಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಪ್ಲಾಸ್ಟಿಕ್ಕಿನ ಅಂಚು ತಾಗಿ ಕೆಂಚನ ಕುತ್ತಿಗೆ ಕೆಂಪಾಗಿತ್ತು, ಸೆಕೆಗೆ ಒದ್ದಾಡುತ್ತಿದ್ದ. ಲಕ್ಕಮ್ಮ ಕಣ್ಣೀರು ಹಾಕಿದಳು. "ಯಾಕ ಅಳಾಕತ್ತೀವ್ವ, ನಾನಿಲ್ಲೇನು?" ಎಂದೆ. ಜೀನ್ಸ್ ಬಟ್ಟೆ ಎರಡು ಮಡಿಕೆ, ನಡುವೆ ಅಂಗಿಯ ಕಾಲರ್ ಬಿರುಸಾಗಲೆಂದು ಹಾಕುವ ಬಕ್ರಮ್, ಅಂಚಿಗೆ ಕಿತ್ತಳೆ ದಾರದ ಜೋಡಿ ಹೊಲಿಗೆ, ಮೂಲೆಗೆ ತಾಮ್ರದ ಗುಂಡಿ. ಕಣ್ಣಿನ ಔಷಧಿ ಇಡಲು ಒಂದು ಕಿಸೆ ಕೂಡ! ಬೆರಳಿನಿಂದ ಬಡಿದು ನೋಡಿದರೆ ಹಲಗೆಯಂತೆ ಟಕಟಕ ಎನ್ನುತ್ತಿತ್ತು. ಪ್ಲಾಸ್ಟಿಕ್ಕಿನದನ್ನು ಬಿಚ್ಚಿ, ಕೆಂಚನಿಗೆ ಈ ಪಟ್ಟಿ ತೊಡಿಸಿ ಬೀದಿಯ ಉದ್ದಕ್ಕೂ ಮೆರವಣಿಗೆ ಮಾಡಿಸಿದೆ. "ಕೈ ಅಂದ್ರ ಮಾಸ್ಟ್ರ ಕೈ" ಎಂದರು. ನಾನು ಉಬ್ಬಿದೆ.

ಗಣಪನನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದೆ. ಪಟ್ಟಿ ನೀರಿನ ಬೋಗುಣಿಯಲ್ಲಿ ನೆನೆಯಿತು, ಅನ್ನ ಮೆತ್ತಿತು. ಲಕ್ಕಮ್ಮ ದಿನಾ ತೊಳೆದು ಒಣಗಿಸಿ ತೊಡಿಸಿದಳು. ಜೀನ್ಸ್ ತೊಳೆದಷ್ಟೂ ಮೆತ್ತಗಾಗುತ್ತದೆ ಎಂಬುದು ಈ ಊರಿನ ಹಸುಗೂಸಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ಮಷೀನಿನ ಕಾಲಿಗೇ ಕೆಂಚ ಮುಖ ಉಜ್ಜಿದ. ಪಟ್ಟಿ ಬಾಳೆಲೆಯ ಹಾಗೆ ಮಡಚಿಕೊಂಡಿತು. ಅವನ ಕೂಗು ಕೇಳಿ ಬಗ್ಗಿ ನೋಡಿದೆ. ಕಣ್ಣಿನ ಹೊಲಿಗೆ ಬಿಚ್ಚಿತ್ತು. ನಾನು ಕಂಡದ್ದನ್ನು ಇಲ್ಲಿ ಬರೆಯಲಾರೆ.

ಬೆಂಗಳೂರಿಗೆ ಮತ್ತೆ ಓಡಿದೆವು. ಡಾಕ್ಟರಮ್ಮ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು, ಕಿಸೆಯನ್ನೂ ನೋಡಿದರು, ಮೇಜಿನ ಮೇಲಿಟ್ಟರು. ಕಣ್ಣು ಉಳಿಯಲಿಲ್ಲ. ತೆಗೆಯಬೇಕಾಯಿತು.

ಆಮೇಲೆ ಲಕ್ಕಮ್ಮ ಕೈ ಎತ್ತುವುದನ್ನೇ ಬಿಟ್ಟಳು. ನಾನು ಒಂದು ವಾರ ಅವಳ ಎದುರಿಗೆ ಹೋಗಲಿಲ್ಲ. ಕೊನೆಗೆ ಬೈಸಿಕೊಂಡಾದರೂ ಬರೋಣವೆಂದು ಹೋಗಿ, "ನನ್ನಿಂದ ಆತವ್ವ, ನಾಕು ಬೈದುಬಿಡು" ಎಂದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಕೆಂಚನ ತಲೆ ಸವರುತ್ತ ಮೆಲ್ಲಗೆ ಹೇಳಿದಳು:

"ನಂಗೆ ಮೂರ್ನೇ ದಿನಾನೇ ಗೊತ್ತಾಯ್ತು ಕಣಣ್ಣ, ಅದು ಮೆತ್ಗಾಗೈತೆ ಅಂತ. ಪ್ಲಾಸ್ಟಿಕ್ದು ಇಲ್ಲೇ ಮಗ್ಗುಲಲ್ಲೇ ಇತ್ತು. ನೀನು ಅಷ್ಟ್ ಆಸೆಯಿಂದ ಹೊಲ್ದಿದ್ದೆ, ಊರಿಗೆಲ್ಲ ತೋರುಸ್ತಿದ್ದೆ. ಬಿಚ್ಚಾಕಿದ್ರೆ ಎಲ್ಲಿ ನೊಂದ್ಕಂತೀಯೋ ಅಂತ ಸುಮ್ಕಾದೆ."

ನನ್ನ ಮುಖ ಬಾಡದಿರಲೆಂದು ಅವಳು ಕೊಟ್ಟದ್ದು ಏನನ್ನು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮುಂದಿನ ವರ್ಷ ಕೆಂಚ ಸತ್ತ. ಲಕ್ಕಮ್ಮ ತನ್ನ ಊರಿನ ಕಡೆ ಹೋದಳು, ಮತ್ತೆ ಬರಲಿಲ್ಲ.

ಮೊನ್ನೆ ಚಹಾ ಬಿಟ್ಟು ಮನೆಗೆ ಬಂದೆನಲ್ಲ, ಹೊಲಿಸಿದ ಪ್ಯಾಂಟಿಗಾಗಿ ಗಿರಾಕಿಯೊಬ್ಬ ಬಾಗಿಲಲ್ಲಿ ಕಾಯುತ್ತಿದ್ದ. ಅಲ್ಲೇ ತೊಟ್ಟು ನೋಡಿ, "ಭಾಳ ಚಲೋ ಬಂದೈತ್ರಿ ಮಾಸ್ಟ್ರೇ" ಎಂದ. ನಾನು ಅವನ ಮುಖವನ್ನೇ ನೋಡಿದೆ. "ಖರೇ ಹೇಳ್ರಿ, ಎಲ್ಲಿ ಬಿಗಿ ಆಗಾಕತ್ತೈತಿ?" ಎಂದೆ. "ಎಲ್ಲೂ ಇಲ್ರಿ" ಎಂದು ನಕ್ಕ. ನಾನು ಇನ್ನೊಮ್ಮೆ ಕೇಳಿದೆ.