ಖಾಲಾ ಅವರ ಪುದೀನ ಚಹಾ

ಚಹಾಕ್ಕೆ ಪುದೀನ ಹಾಕಿ ನೋಡೋಣ ಎಂದು ಮೊದಲು ಹೇಳಿದ್ದು ನಾನೋ ಖಾಲಾನೋ, ಈಗ ಖಾತ್ರಿಯಿಲ್ಲ. ನಾನೇ ಎಂದು ನೆನಪು ಹೇಳುತ್ತದೆ. ಆದರೆ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ ಅದನ್ನು ಪೂರ್ತಿ ನಂಬಲಾರೆ.

ಖಾಲಾ, ಅಂದರೆ ಚಿಕ್ಕಮ್ಮ, ಎಂದು ನಾನು ಕರೆಯುತ್ತಿದ್ದದ್ದು ಗಂಗಾವತಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿಯನ್ನು. ಅವರು ಕೆಳಗೆ, ನಾನು ಮಹಡಿಯಲ್ಲಿ. ಸಂಜೆ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ಚಹಾ ಕೆಳಗೇ. ಬಂದವರಿಗೆ ಕೊಟ್ಟು ತಾವು ಸುಮ್ಮನೆ ಕೂರುವ ಪದ್ಧತಿ ಆ ಮನೆಯಲ್ಲಿರಲಿಲ್ಲ, ಜೊತೆಗೆ ಕುಡಿಯಲೇಬೇಕು. ಡಾಕ್ಟರು ಸಕ್ಕರೆ ಬಿಡಿಸಿದ ಮೇಲೆ ಖಾಲಾ ನನ್ನ ಮುಂದೆ ಕಪ್ಪು ಇಟ್ಟು ಒಳಗೆ ಹೋಗಿಬಿಡತೊಡಗಿದರು. ಓಣಿಯ ಹೆಂಗಸರನ್ನು ಕರೆಯುವುದನ್ನೂ ಬಿಟ್ಟರು. ಸಂಜೆ ಹೊತ್ತು ಆ ಮನೆ ಅಷ್ಟು ಸಪ್ಪಗಾದದ್ದನ್ನು ನಾನು ನೋಡಿರಲಿಲ್ಲ.

"ಸಕ್ಕರಿ ಇಲ್ಲದ ಕುಡೀರಿ, ಖಾಲಾ."

"ಮೊದ್ಲ ನೀ ಕುಡದು ತೋರ್ಸು."

ಮೂರು ಚಮಚ ಸಕ್ಕರೆಯ ಮನುಷ್ಯ ನಾನು. ಕುಡಿದೆ. ಇಬ್ಬರೂ ಮುಖ ಕಿವಿಚಿದೆವು. ಮರುದಿನ ಶುಂಠಿ ಹಾಕಿದರೆ, "ನೆಗಡಿ ಬಂದೋರ ಮನಿ ನಾತ" ಎಂದರು. ಆಮೇಲೊಂದು ದಿನ ಹಾಲು ಹಾಕದೆ, ನಿಂಬೆಹಣ್ಣು ಹಿಂಡಿ, ಚಹಾಪುಡಿಯ ಜೊತೆಗೇ ಕುದಿಸಿಬಿಟ್ಟೆ. ವಿಷದಂಥ ಕಹಿ.

"ಇಷ್ಟೆಲ್ಲಾ ಓದಿ ಚಾ ಮಾಡಾಕ ಬರಂಗಿಲ್ಲಲ್ಲೋ ಮಾಸ್ತರ! ಇಳಿಸಿದ ಮ್ಯಾಲ ಹಿಂಡಬೇಕು."

ಇಳಿಸಿ ಹಿಂಡಿದ ಆ ಕಡು ಚಹಾ ಕುಡಿದಾಗ, ಅಷ್ಟು ವರ್ಷ ನಾನು ಕುಡಿದದ್ದು ಚಹಾ ಅಲ್ಲ, ಬಿಸಿ ಪಾಯಸ ಅನ್ನಿಸಿತು. ಇವತ್ತಿಗೂ ನನ್ನ ಚಹಾ ಅದೇ. ಖಾಲಾಗೆ ಮಾತ್ರ ಹುಳಿ ಸೇರಲಿಲ್ಲ. ಅವರಿಗೆ ಒಪ್ಪಿದ್ದು ಪುದೀನ: ಚಹಾಪುಡಿ ಚಿಟಿಕೆಯಷ್ಟೇ, ಎಲೆಯನ್ನು ಕೈಯಲ್ಲೇ ಹರಿದು ಹಾಕಬೇಕು. ಮೊದಲ ಸಲವೇ ಕಪ್ಪು ಪೂರ್ತಿ ಖಾಲಿ ಮಾಡಿ ಕೆಳಗಿಟ್ಟರು.

"ಹ್ಞಾಂ, ಇದು ಛಲೋ ಐತಿ."

"ಚಟ್ನಿ ತೊಳದ ನೀರು ಇದ್ದಂಗ ಐತಲ್ರಿ, ಖಾಲಾ."

"ನಿನ್ನ ನಾಲಿಗಿಗೆ ಏನ್ ತಿಳೀತೈತಿ? ಸುಮ್ನ ನಿಂದು ನೀ ಕುಡಿ."

ಅಂದಿನಿಂದ ಒಲೆಯ ಮೇಲೆ ಎರಡು ಪಾತ್ರೆ. ಖಾಲಾ ಮತ್ತೆ ನನ್ನೆದುರು ಕೂತರು.

ನನಗೆ ವರ್ಗವಾಗಿ ಕೊಪ್ಪಳಕ್ಕೆ ಬಂದ ಮೇಲೆ ಅನುಮಾನ ಹುಟ್ಟಿತು. ನನ್ನ ಮನಸ್ಸು ನೋಯಬಾರದೆಂದು ಅವರು ಆ ಪುದೀನ ನೀರನ್ನು ನುಂಗಿದ್ದರೇ? ನಾನು ಹೋದ ಮೇಲೆ ಮತ್ತೆ ಒಬ್ಬರೇ ಒಳಗೆ ಹೋಗಿ ಕೂತರೇ? ಫೋನಿನಲ್ಲಿ ಕೇಳಿದರೆ ಖುಷಿಪಡಿಸುವ ಉತ್ತರವನ್ನೇ ಕೊಡುತ್ತಾರೆ. ಹಾಗಾಗಿ ಕೇಳಲಿಲ್ಲ.

ಹೋದ ತಿಂಗಳು, ಮುಂಚೆ ತಿಳಿಸದೆ, ಸಂಜೆಯ ಹೊತ್ತಿಗೆ ಗಂಗಾವತಿಗೆ ಹೋದೆ. ಬಾಗಿಲು ತೆರೆದಿತ್ತು. ಓಣಿಯ ಇಬ್ಬರು ಹೆಂಗಸರು ಚಾಪೆಯ ಮೇಲೆ ಕೂತು ಹಾಲಿನ ಚಹಾ ಕುಡಿಯುತ್ತಿದ್ದರು. ಅವರ ನಡುವೆ ಖಾಲಾ. ಕೈಯಲ್ಲಿ ಪುದೀನದ ಕಪ್ಪು, ಅರ್ಧ ಖಾಲಿಯಾಗಿತ್ತು.